ಕೆಂಗೇರಿಯಿಂದ ಮೈಸೂರಿಗೆ ನೇತ್ರದಾನದ ರಿಲೇ ಓಟ: ತಂಡ ಕಟ್ಟುವುದರಿಂದ ಹಿಡಿದು ಓಟ ಮುಗಿದ ಮೇಲಿನ ಕೆಲಸದವರೆಗೆ

ರಿಲೇ ಅಂದ ತಕ್ಷಣ ನೆನಪಾಗುವುದು ಸ್ಕೂಲ್ ಸ್ಪೋರ್ಟ್ಸ್ ಡೇ. ನಾಲ್ಕು ಜನ, ಒಂದು ಕೋಲು, ಒಂದು ಸುತ್ತು. ಊರಿಂದ ಊರಿಗೆ ಓಡುವ ರಿಲೇ ಲೆಕ್ಕವೇ ಬೇರೆ. ಈ ಬಗೆಯ ಓಟಗಳಲ್ಲಿ ಹೆಸರುವಾಸಿ ಅಮೆರಿಕದ ಆರೆಗಾನ್ ರಾಜ್ಯದ ಹುಡ್ ಟು ಕೋಸ್ಟ್. 1982ರಲ್ಲಿ ಶುರುವಾಗಿದ್ದು. ಮೌಂಟ್ ಹುಡ್ ಬೆಟ್ಟದಿಂದ ಪೆಸಿಫಿಕ್ ಕಡಲ ದಂಡೆಯವರೆಗೆ 12 ಜನರ ತಂಡ, ತಲಾ ಮೂರು ಸರದಿ, ಒಟ್ಟು 36 ತುಂಡು, ಎರಡು ವ್ಯಾನು. ರಾತ್ರಿಯೂ ನಿಲ್ಲುವುದಿಲ್ಲ.

ನಮ್ಮಲ್ಲಿ ಉತ್ಸಾಹಿಗಳು ಇದನ್ನೇ ಹಾಗೇ ಇಳಿಸಿಕೊಳ್ಳಲು ಹೋಗುತ್ತಾರೆ. ಬೇಡ. ನಮ್ಮ ಹೆದ್ದಾರಿ ಬದಿಯಲ್ಲಿ ನಡುರಾತ್ರಿ ಓಡುವುದು ಅಪಾಯ, ಅದು ಒಂದು ಮಾತು. ಇನ್ನೊಂದು, ರಾತ್ರಿ ಎರಡು ಗಂಟೆಗೆ ಮದ್ದೂರು ದಾಟಿದರೆ ಜಾಗೃತಿ ಮೂಡುವುದು ಯಾರಿಗೆ? ಬೀದಿ ನಾಯಿಗಳಿಗಾ?

ಒಳ್ಳೆ ಕೆಲಸಕ್ಕಾಗಿ ಓಡುವಾಗ ಓಟ ಬರೀ ನೆಪ. ಕೆಲಸ ಆಗುವುದು ನಿಂತ ಕಡೆ. ಹಾಗಾಗಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಮುಂದೆ ನಿಲ್ಲಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಓಟದ ವೇಳಾಪಟ್ಟಿ ಅದರ ಹಿಂದೆ ಬರಲಿ. ಇಲ್ಲಿ ನೇತ್ರದಾನವನ್ನೂ ಕೆಂಗೇರಿ–ಮೈಸೂರು ರಸ್ತೆಯನ್ನೂ ಇಟ್ಟುಕೊಂಡು ಹೇಳಿದ್ದೇನೆ. ನಿಮ್ಮ ಉದ್ದೇಶ, ನಿಮ್ಮ ರಸ್ತೆ ಬೇರೆ ಆದರೂ ಮಾಡುವ ಕ್ರಮ ಇದೇ.

ಹಂತ 1: ಜನರಿಂದ ಏನು ಬೇಕು ಅನ್ನುವುದನ್ನು ಒಂದು ಸಾಲಿಗೆ ಇಳಿಸಿ

"ನೇತ್ರದಾನ ಮಹಾದಾನ" ಅಂತ ಟೀ ಶರ್ಟಿನ ಮೇಲೆ ಬರೆಸುವುದು ಸುಲಭ. ಓದಿದವನು ಹೌದು ಅಂತ ತಲೆಯಾಡಿಸಿ ಹೋಗುತ್ತಾನೆ, ಅಷ್ಟೇ. ಅವನು ಮುಂದೆ ಏನು ಮಾಡಬೇಕು?

ಸಾಮಾನ್ಯವಾಗಿ ಇಂಥ ಕಾರ್ಯಕ್ರಮಗಳಲ್ಲಿ ವಾಗ್ದಾನ ಪತ್ರ ತುಂಬಿಸುತ್ತಾರೆ. ಸಾವಿರ ಅರ್ಜಿ ಬಂತು ಅಂತ ಪೇಪರಿನಲ್ಲಿ ಹಾಕಿಸುತ್ತಾರೆ. ಆದರೆ ಅರ್ಜಿ ತುಂಬಿದವರು ತೀರಿಕೊಂಡ ದಿನ ಫೋನ್ ಮಾಡಬೇಕಾದವರು ಮನೆಯವರು. ಅವರಿಗೆ ಗೊತ್ತಿಲ್ಲದಿದ್ದರೆ, ಅಥವಾ ಬೇಡ ಅಂದರೆ, ಆ ಅರ್ಜಿ ಬೀರುವಿನಲ್ಲೇ ಉಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿ: ಬದುಕಿದ್ದಾಗ ಏನೂ ಬರೆದುಕೊಡದಿದ್ದರೂ, ಮನೆಯವರು ಒಪ್ಪಿದರೆ ಕಣ್ಣು ಕೊಡಬಹುದು. ಅಂದರೆ ನೀವು ಒಪ್ಪಿಸಬೇಕಾದ್ದು ಒಬ್ಬ ವ್ಯಕ್ತಿಯನ್ನಲ್ಲ, ಒಂದು ಮನೆಯನ್ನು.

ಆದ್ದರಿಂದ ಕೇಳುವುದು ಎರಡೇ ಆಗಿರಲಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಈ ಮಾತು ತೆಗೆಯಿರಿ. ಹತ್ತಿರದ ಕಣ್ಣಿನ ಬ್ಯಾಂಕಿನ ನಂಬರ್ ಇರುವ ಈ ಕಾರ್ಡನ್ನು ಗೋಡೆಯ ಕ್ಯಾಲೆಂಡರ್ ನೇತುಹಾಕಿದ ಮೊಳೆಗೇ ಸಿಕ್ಕಿಸಿ. ಅರ್ಜಿ ತುಂಬುವವರು ತುಂಬಲಿ, ಆದರೆ ಅದರ ಲೆಕ್ಕ ಹಿಡಿದು ಬೀಗುವುದು ಬೇಡ.

ಹಂತ 2: ಓಡುವವರಿಗೆಲ್ಲ ವಿಷಯ ಬಾಯಿಪಾಠ ಆಗಲಿ

ಶೂ ಕೊಳ್ಳುವ ಮೊದಲು ಇದು. ರಸ್ತೆಯಲ್ಲಿ ಜನ ಪ್ರಶ್ನೆ ಕೇಳುವುದು ತಂಡದ ನಾಯಕನನ್ನಲ್ಲ. ಬೆವರು ಒರೆಸಿಕೊಂಡು ಟೀ ಕುಡಿಯುತ್ತಾ ನಿಂತ ಯಾರನ್ನಾದರೂ ಸರಿ. ಆ ಮನುಷ್ಯ "ನನಗೆ ಗೊತ್ತಿಲ್ಲ, ಅವರನ್ನು ಕೇಳಿ" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಎಲ್ಲರಿಗೂ ಗೊತ್ತಿರಬೇಕಾದ್ದು ಇಷ್ಟು. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ಬೇಗ ಆದಷ್ಟೂ ಒಳ್ಳೆಯದು. ಬ್ಯಾಂಕಿನವರೇ ಮನೆಗೆ ಬರುತ್ತಾರೆ. ಕೆಲಸ 15–20 ನಿಮಿಷದ್ದು. ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಮುಖ ಕೆಡುವುದಿಲ್ಲ. ವಯಸ್ಸಿನ ಮಿತಿ ಇಲ್ಲ. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಬಿಪಿ, ಶುಗರ್ ಇದ್ದವರು ಎಲ್ಲರೂ ಕೊಡಬಹುದು. ಎಚ್‌ಐವಿ, ರೇಬೀಸ್, ಹೆಪಟೈಟಿಸ್ ಬಿ ಮತ್ತು ಸಿ, ರಕ್ತದ ಕ್ಯಾನ್ಸರ್‌ನಂಥ ಕಾಯಿಲೆ ಇದ್ದವರದನ್ನು ಬಳಸುವುದಿಲ್ಲ. ಆದರೆ ಅದನ್ನು ತೀರ್ಮಾನಿಸುವುದು ಬ್ಯಾಂಕಿನ ಕೆಲಸ. ಮನೆಯವರು ಸುಮ್ನೆ ಫೋನ್ ಮಾಡಿದರೆ ಸಾಕು.

ಅವರು ಬರುವವರೆಗೆ ಮಾಡಬೇಕಾದ್ದು: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. ಡಾಕ್ಟರು ಬರೆದ ಸಾವಿನ ಪತ್ರ ತಯಾರಿರಲಿ.

ಇನ್ನೊಂದನ್ನು ಬಿಡಿಸಿ ಹೇಳಲೇಬೇಕು. ಇಡೀ ಕಣ್ಣನ್ನು ಇನ್ನೊಬ್ಬರಿಗೆ ಕೂರಿಸುವುದಿಲ್ಲ. ಕಣ್ಣಿನ ಮುಂಭಾಗದ ಗಾಜಿನಂಥ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದನ್ನು ಕಸಿ ಮಾಡುತ್ತಾರೆ. ಅದು ಮಸುಕಾಗಿ ದೃಷ್ಟಿ ಹೋದವರಿಗೆ ಮಾತ್ರ ಇದರಿಂದ ಉಪಯೋಗ. ನರ ಅಥವಾ ರೆಟಿನಾ ಹಾಳಾಗಿ ದೃಷ್ಟಿ ಹೋಗಿದ್ದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ, ಹುಟ್ಟು ಕುರುಡಾದ ಮಗುವನ್ನು ಎತ್ತಿಕೊಂಡು ಯಾರೋ ತಾಯಿ ನಿಮ್ಮ ಹತ್ತಿರ ಆಸೆಯಿಂದ ಬರುತ್ತಾಳೆ. ಆಗ ನೀವು ಭರವಸೆ ಕೊಡಲು ಹೋಗಬೇಡಿ, ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ದಾರಿ ತೋರಿಸಿ.

ನಮ್ಮ ರಾಜ್ಯದಲ್ಲಿ ಮಾತು ಶುರು ಮಾಡುವುದು ಕಷ್ಟವಿಲ್ಲ. "ಅಪ್ಪು ಕಣ್ಣು" ಅಂದರೆ ಸಾಕು. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳೂ ನಾರಾಯಣ ನೇತ್ರಾಲಯಕ್ಕೆ ಹೋದವು. ಅಲ್ಲಿನ ವೈದ್ಯರು ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ಈ ನಾಲ್ಕರ ಲೆಕ್ಕ ಹಳ್ಳಿಯಲ್ಲೂ ಎಷ್ಟೋ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು 6 ಗಂಟೆಯ ಲೆಕ್ಕ.

ಹಂತ 3: ದಾರಿ ಮತ್ತು ದಿನ

ಬೆಂಗಳೂರು ಮೆಜೆಸ್ಟಿಕ್‌ನಿಂದ ಮೈಸೂರಿಗೆ ಸುಮಾರು 145 ಕಿ.ಮೀ. ಊರೊಳಗಿನ ಟ್ರಾಫಿಕ್‌ನಲ್ಲಿ ಓಡಿ ಸಾಧಿಸುವುದು ಏನೂ ಇಲ್ಲ. ಕೆಂಗೇರಿಯಿಂದ ಹೊರಟರೆ 130 ಕಿ.ಮೀ. ಆಗುತ್ತದೆ. ಇದನ್ನು ಮೂರು ಬೆಳಗ್ಗೆಗೆ ಹಂಚಿ.

ಮೊದಲ ದಿನ ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ: 45 ಕಿ.ಮೀ.
ಎರಡನೇ ದಿನ ಚನ್ನಪಟ್ಟಣ, ಮದ್ದೂರು, ಮಂಡ್ಯ: 40 ಕಿ.ಮೀ.
ಮೂರನೇ ದಿನ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು: 45 ಕಿ.ಮೀ.

ಎಂಟು ಜನರಿದ್ದರೆ ದಿನಕ್ಕೆ ತಲಾ ಐದೂವರೆ ಕಿ.ಮೀ. ಸುಸ್ತಾಗದೆ 10 ಕಿ.ಮೀ. ಓಡುವ ಯಾರಿಗಾದರೂ ಇದು ಕೈಗೆಟಕುವ ದೂರ. ಮ್ಯಾರಥಾನ್ ಓಡಿದವರೇ ಬೇಕು ಅಂತೇನಿಲ್ಲ. ನಿಜ ಹೇಳಬೇಕೆಂದರೆ ವೇಗದ ಓಟಗಾರರಿಗಿಂತ ಮಾತುಗಾರರು ಜಾಸ್ತಿ ಇರಲಿ.

ಕಿಲೋಮೀಟರಿಗೆ 7 ನಿಮಿಷ ಅಂತ ಲೆಕ್ಕ ಇಟ್ಟುಕೊಳ್ಳಿ. ಕೆಂಗೇರಿ ಬೆಳಗ್ಗೆ 5.30ಕ್ಕೆ ಬಿಟ್ಟರೆ ಬಿಡದಿಗೆ 7.30. ಅಲ್ಲಿ 20 ನಿಮಿಷ ನಿಂತರೂ ರಾಮನಗರಕ್ಕೆ ಸುಮಾರು 10 ಗಂಟೆ. ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆಗೆ ಸೇರುವ ಹೊತ್ತು ಅದು. ಮೊದಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದರೆ ಒಂದೇ ಸಲ ಐನೂರು ಮಕ್ಕಳು ಎದುರಿಗೆ. ಮಕ್ಕಳು ಯಾಕೆ ಅಂದರೆ, ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತು ತೆಗೆಯುವವರು ಅವರೇ. ರಾಮನಗರದಿಂದ ಚನ್ನಪಟ್ಟಣದ ಕೊನೆಯ 10 ಕಿ.ಮೀ. ಬಿಸಿಲಲ್ಲಿ ಬೀಳುತ್ತದೆ. ಅದನ್ನು ಎರಡರ ಬದಲು ನಾಲ್ಕು ತುಂಡು ಮಾಡಿ ಹಂಚಿಕೊಳ್ಳಿ.

ಶಾಲೆ ಸಿಗಬೇಕು ಅಂದರೆ ವಾರದ ದಿನ ಬೇಕು. ಗುರುವಾರ ಶುರು ಮಾಡಿ ಶನಿವಾರ ಮೈಸೂರು ಸೇರಿ. ತಿಂಗಳು ಜನವರಿ, ಸಂಕ್ರಾಂತಿ ಕಳೆದ ವಾರ. ಹಬ್ಬದ ವಾರ ಮಂಡ್ಯ ಕಡೆ ಹೋಗಿ ಕಣ್ಣಿನ ಮಾತಾಡಿದರೆ ಯಾರಿಗೂ ಬಿಡುವಿರುವುದಿಲ್ಲ. ದನ ತೊಳೆಯಬೇಕು, ಕಿಚ್ಚು ಹಾಯಿಸಬೇಕು. ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಅಂಟಿಕೊಂಡಿದ್ದರೆ ಆ ವಾರವನ್ನೂ ಬಿಡಿ. ಬೆಂಗಳೂರಿನ ಅರ್ಧ ಕಾರುಗಳು ಆ ರಸ್ತೆಯಲ್ಲೇ ಇರುತ್ತವೆ. ದಸರೆಯ ಹೊತ್ತಿನಲ್ಲಿ ಮೈಸೂರಿನ ಕಡೆ ತಲೆಯನ್ನೇ ಹಾಕಬೇಡಿ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಮಂಡ್ಯ 700ಕ್ಕಿಂತ ಕೆಳಗೆ. ಮೊದಲೆರಡು ದಿನ ಒಟ್ಟಾರೆ ಇಳಿಜಾರು, ಕೊನೆಯ ದಿನ ಮೈಸೂರಿಗೆ ಸಣ್ಣ ಏರು. ಇಳಿಜಾರು ಅಂತ ಮೊದಲ ದಿನವೇ ಎಗರಿದವರ ತೊಡೆ ಮೂರನೇ ದಿನ ಹಿಡಿದುಕೊಳ್ಳುತ್ತದೆ.

ಹಂತ 4: ಒಮ್ಮೆ ಪೂರ್ತಿ ದಾರಿ ನೋಡಿ ಬನ್ನಿ, ಬೈಕಿನಲ್ಲಿ

ಕಾರಿನಲ್ಲಿ ಹೋದರೆ ಎಕ್ಸ್‌ಪ್ರೆಸ್‌ವೇ ಹತ್ತಿಬಿಡುತ್ತೀರಿ, ನಿಮಗೆ ಬೇಕಾದ ರಸ್ತೆ ಕಣ್ಣಿಗೇ ಬೀಳುವುದಿಲ್ಲ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನಗಾಡಿಗಳಿಗೆ ಪ್ರವೇಶವಿಲ್ಲ. ಓಡುವವರು ಅಲ್ಲಿ ಕಾಲಿಡುವ ಮಾತೇ ಇಲ್ಲ. ನಿಮ್ಮದು ಸರ್ವಿಸ್ ರಸ್ತೆ ಮತ್ತು ಊರೊಳಗೆ ಹಾದುಹೋಗುವ ಹಳೇ ಹೆದ್ದಾರಿ. ಅದು ಅನುಕೂಲವೇ. ಎಕ್ಸ್‌ಪ್ರೆಸ್‌ವೇ ಊರುಗಳನ್ನು ಬಿಟ್ಟು ಹೋಗುತ್ತದೆ, ಹಳೇ ರಸ್ತೆ ಊರಿನ ಮಧ್ಯಕ್ಕೇ ಕರೆದೊಯ್ಯುತ್ತದೆ.

ಆದರೆ ಮುಖ್ಯ ರಸ್ತೆಯಿಂದ ಹೊರಗಿಟ್ಟ ಗಾಡಿಗಳೆಲ್ಲ ಸರ್ವಿಸ್ ರಸ್ತೆಗೇ ಬಂದಿವೆ. ಮದ್ದೂರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಸಿಗುತ್ತವೆ. ಟ್ರೈಲರಿನ ಎರಡೂ ಬದಿಗೆ ಕಬ್ಬು ಒಂದೊಂದು ಮೊಳ ಆಚೆ ಚಾಚಿಕೊಂಡಿರುತ್ತದೆ. ಹಿಂದೆ ಕೆಂಪು ದೀಪ ಇರುವುದು ಅಪರೂಪ. ಡ್ರೈವರ್ ಜೋರಾಗಿ ಹಾಡು ಹಾಕಿಕೊಂಡಿರುತ್ತಾನೆ, ನೀವು ಕೂಗಿದ್ದು ಕೇಳುವುದಿಲ್ಲ. ಟ್ರ್ಯಾಕ್ಟರ್ ಬಂದರೆ ಓಟ ನಿಲ್ಲಿಸಿ ಮಣ್ಣಿನ ಬದಿಗೆ ಇಳಿದುಬಿಡಬೇಕು. ಇದನ್ನು ತಂಡದ ಕಾನೂನು ಮಾಡಿ.

ನೋಡಿ ಬರುವಾಗ ಬರೆದಿಟ್ಟುಕೊಳ್ಳಿ: ಸರ್ವಿಸ್ ರಸ್ತೆ ಎಲ್ಲೆಲ್ಲಿ ತುಂಡಾಗುತ್ತದೆ, ಅಲ್ಲಿ ಯಾವ ಅಂಡರ್‌ಪಾಸ್‌ನಲ್ಲಿ ಆಚೆ ಬದಿಗೆ ಹೋಗಬೇಕು, ಎಲ್ಲಿ ಬದಿಯಲ್ಲಿ ಜಾಗವೇ ಇಲ್ಲ. ಮದ್ದೂರಿನ ಶಿಂಷಾ, ಶ್ರೀರಂಗಪಟ್ಟಣದ ಕಾವೇರಿ ಸೇತುವೆಗಳ ಮೇಲೆ ಓಟ ಬೇಡ, ಇಬ್ಬಿಬ್ಬರಾಗಿ ನಡೆದು ದಾಟಿ.

ಕೋಲು ಬದಲಾಯಿಸುವ ಜಾಗವನ್ನು ಕಿಲೋಮೀಟರ್ ಕಲ್ಲು ನೋಡಿ ಗುರುತು ಮಾಡುವುದು ಬೇಡ. ಮೂರು ವಿಷಯ ನೋಡಿ. ವ್ಯಾನು ಪೂರ್ತಿ ರಸ್ತೆಯಿಂದ ಕೆಳಗಿಳಿಯುವಷ್ಟು ಜಾಗ, ನಾಲ್ಕು ಜನ ಕೂರುವ ಟೀ ಅಂಗಡಿ, ಹೆಂಗಸರು ಹೋಗುವಂಥ ಶೌಚಾಲಯ. ಮೂರನೆಯದು ಗಂಡಸರು ಮಾಡುವ ಪಟ್ಟಿಯಲ್ಲಿ ಇರುವುದೇ ಇಲ್ಲ. ಪೆಟ್ರೋಲ್ ಬಂಕಿನದು ಬಾಗಿಲು ತೆರೆದಿದೆಯೋ, ನೀರಿದೆಯೋ ಅಂತ ಒಳಗೆ ಹೋಗಿ ನೋಡಬೇಕು. ಹೀಗಾಗಿ ಒಂದು ತುಂಡು 4 ಕಿ.ಮೀ., ಇನ್ನೊಂದು 7 ಕಿ.ಮೀ. ಆಗಬಹುದು. ಆಗಲಿ ಬಿಡಿ. ಉದ್ದದ ತುಂಡನ್ನು ಗಟ್ಟಿಗರಿಗೆ ಕೊಟ್ಟರಾಯಿತು.

ಹಂತ 5: ಪರವಾನಗಿ

ಮೂರು ವಾರ ಮುಂಚೆ ಅರ್ಜಿ ಕೊಡಿ. ಬೆಂಗಳೂರು ನಗರ ಪೊಲೀಸ್ ವ್ಯಾಪ್ತಿಗೆ ಒಂದು, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಮತ್ತು ಮಂಡ್ಯ ಜಿಲ್ಲೆಗಳ ಎಸ್‌ಪಿ ಕಚೇರಿಗಳಿಗೆ ಒಂದೊಂದು, ಮೈಸೂರು ನಗರ ಪೊಲೀಸ್ ಕಮಿಷನರ್ ಕಚೇರಿಗೆ ಒಂದು. ಕನ್ನಡದಲ್ಲೇ ಬರೆಯಿರಿ, ಒಂದು ಪುಟ ಸಾಕು. ದಿನಾಂಕ, ದಾರಿ, ಯಾವ ಊರಿಗೆ ಎಷ್ಟು ಗಂಟೆಗೆ, ಓಡುವವರು ಎಷ್ಟು ಜನ, ಗಾಡಿ ನಂಬರ್‌ಗಳು, ಜವಾಬ್ದಾರರ ಫೋನ್ ನಂಬರ್. "ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆ ಬಳಸುವುದಿಲ್ಲ, ಯಾವ ಹೊತ್ತಿನಲ್ಲೂ ರಸ್ತೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಓಡುವುದಿಲ್ಲ, ರಸ್ತೆ ತಡೆಯುವ ಅಗತ್ಯವಿಲ್ಲ" ಅನ್ನುವ ಸಾಲು ಇರಲಿ. ಅರ್ಧ ಕೆಲಸ ಮಾಡಿಕೊಡುವುದು ಆ ಸಾಲೇ. ಮೈಕ್ ಬೇಕಿದ್ದರೆ ಅದಕ್ಕೆ ಬೇರೆ ಅನುಮತಿ. ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಎಲ್ಲ ಗಾಡಿಗಳಲ್ಲೂ ಒಂದೊಂದು ಜೆರಾಕ್ಸ್ ಇಡಿ.

ಜೊತೆಗೆ ಪ್ರತಿ ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ಅಂಧತ್ವ ನಿಯಂತ್ರಣ ನೋಡಿಕೊಳ್ಳುವವರನ್ನು ಭೇಟಿ ಮಾಡಿ. ನಿಮ್ಮ ಕಾರ್ಡಿನಲ್ಲಿ ಹಾಕುವ ಫೋನ್ ನಂಬರ್ ಅವರಿಂದಲೇ ಪಡೆಯಿರಿ. ಆಮೇಲೆ ಆ ನಂಬರಿಗೆ ರಾತ್ರಿ 11 ಗಂಟೆಗೆ ಒಂದು ಸಲ, ಭಾನುವಾರ ಒಂದು ಸಲ ಫೋನ್ ಮಾಡಿ ನೋಡಿ. ಎತ್ತದ ನಂಬರನ್ನು ಅಚ್ಚು ಹಾಕಿಸಬೇಡಿ. ರಾಮನಗರಕ್ಕೆ ಹಂಚುವ ಕಾರ್ಡು, ಮಂಡ್ಯಕ್ಕೆ ಹಂಚುವ ಕಾರ್ಡು ಬೇರೆ ಬೇರೆ ಆಗಬೇಕು. 6 ಗಂಟೆಯೊಳಗೆ ಬರಬಲ್ಲ ಬ್ಯಾಂಕು ಯಾವುದೋ ಅದರ ನಂಬರೇ ಮುಖ್ಯ.

ಹಂತ 6: ಗಾಡಿ, ಜನ, ಕೋಲು

ಒಂದು ಟೆಂಪೋ ಟ್ರಾವೆಲರ್ ಓಟಗಾರರಿಗೆ. ಒಂದು ಸಣ್ಣ ಕಾರು ಮುಂದೆ ಹೋಗಿ ನಿಲ್ಲುವ ಜಾಗ ಸಿದ್ಧ ಮಾಡಲು. ಓಡುವವರ ಜೊತೆಗೆ ಒಂದು ಸೈಕಲ್ಲು. ದೊಡ್ಡ ವ್ಯಾನು ಓಟಗಾರನ ಬೆನ್ನಿಗೆ ತೆವಳಿಕೊಂಡು ಬರುವುದು ಬೇಡ. ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಓವರ್‌ಟೇಕ್ ಮಾಡಿ ಓಟಗಾರನ ಮೇಲೇ ಬರುತ್ತಾರೆ. ವ್ಯಾನು ಮುಂದಿನ ಬದಲಾವಣೆ ಜಾಗಕ್ಕೆ ಹೋಗಿ ಕಾಯಲಿ. ಸೈಕಲ್ಲಿನವರ ಹತ್ತಿರ ನೀರು, ಸಣ್ಣ ಪ್ರಥಮ ಚಿಕಿತ್ಸೆ ಡಬ್ಬ, ಹಿಂಬದಿಯಲ್ಲಿ ಮಿಣುಕುವ ಕೆಂಪು ದೀಪ ಇರಲಿ.

ಓಡುವುದು ರಸ್ತೆಯ ಬಲಗಡೆ, ಎದುರಿಂದ ಬರುವ ಗಾಡಿ ಕಾಣುವ ಹಾಗೆ. ಆದರೂ ಆಗಾಗ ಹಿಂದೆ ನೋಡಿ, ನಮ್ಮಲ್ಲಿ ಸರ್ವಿಸ್ ರಸ್ತೆಯಲ್ಲಿ ಬೈಕುಗಳು ಎರಡೂ ಕಡೆಯಿಂದ ಬರುತ್ತವೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿನ ಸುಮಾರಿಗೆ. ಅಲ್ಲಿಯವರೆಗೆ ಹಣೆದೀಪ, ಹೊಳೆಯುವ ಜಾಕೆಟ್ ಇಲ್ಲದೆ ಯಾರೂ ಇಳಿಯುವಂತಿಲ್ಲ, ಒಬ್ಬೊಬ್ಬರೇ ಓಡುವಂತಿಲ್ಲ. ಕಿವಿಗೆ ಹಾಡು ಮೂರು ದಿನವೂ ಬೇಡ.

ಕೈಯಿಂದ ಕೈಗೆ ದಾಟಿಸುವ ಕೋಲಿಗೆ ಅಲ್ಯೂಮಿನಿಯಂ ಕೊಳವೆ ಯಾಕೆ? ದೃಷ್ಟಿ ಇಲ್ಲದವರು ಬಳಸುವ ಮಡಚುವ ಬಿಳಿ ಕೋಲು ತೆಗೆದುಕೊಳ್ಳಿ. ಮಡಚಿದರೆ ಒಂದು ಗೇಣು ಚಿಲ್ಲರೆ ಉದ್ದ, ಎಲಾಸ್ಟಿಕ್ ಕಟ್ಟಿದರೆ ಕೈಯಲ್ಲಿ ಹಿಡಿದು ಓಡಲು ಸಲೀಸು. ನಿಂತ ಕಡೆ ಬಿಚ್ಚಿದಾಗ ಟಕಟಕ ಅಂತ ಉದ್ದವಾಗುತ್ತದೆ, ಮಕ್ಕಳು ತಾವಾಗಿಯೇ ಹತ್ತಿರ ಬರುತ್ತಾರೆ. ಆದರೆ ದೃಷ್ಟಿ ಇಲ್ಲದ ಒಬ್ಬರೂ ತಂಡದಲ್ಲಿ ಇಲ್ಲದೆ ಬರೀ ಆ ಕೋಲು ಹಿಡಿದು ಫೋಟೋ ತೆಗೆಸಿಕೊಳ್ಳುವುದು ಸರಿಯಲ್ಲ.

ಅಂಥವರು ಓಡಲು ಆಗುತ್ತದೆಯೇ ಅಂತ ಕೇಳುವವರಿಗೆ ಚಿಕ್ಕಮಗಳೂರಿನ ರಕ್ಷಿತಾ ರಾಜು ಹೆಸರು ಹೇಳಿ. 1500 ಮೀಟರ್‌ನಲ್ಲಿ 2018 ಮತ್ತು 2023ರ ಏಷ್ಯನ್ ಪ್ಯಾರಾ ಗೇಮ್ಸ್ ಚಿನ್ನ ಗೆದ್ದವರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರ ಪಕ್ಕದಲ್ಲಿ ಗೈಡ್ ಓಟಗಾರರೊಬ್ಬರು, ಇಬ್ಬರ ಕೈ ನಡುವೆ ಒಂದು ಸಣ್ಣ ದಾರ. ನಿಮ್ಮ ತಂಡದಲ್ಲೂ ಅದೇ ರೀತಿ. ಗೈಡ್ ಆಗುವವರು ಕನಿಷ್ಠ ಒಂದು ತಿಂಗಳು ಜೊತೆಯಲ್ಲಿ ಓಡಿ ಅಭ್ಯಾಸ ಮಾಡಬೇಕು. "ಗುಂಡಿ", "ಹಂಪ್", "ಎಡಕ್ಕೆ" ಅಂತ ಚಿಕ್ಕ ಮಾತಿನಲ್ಲಿ, ಮೂರು ಹೆಜ್ಜೆ ಮುಂಚೆ ಹೇಳಬೇಕು. ಸರ್ವಿಸ್ ರಸ್ತೆಯಲ್ಲಿ ಹಂಪ್‌ಗಳಿಗೇನೂ ಕೊರತೆ ಇಲ್ಲ. ಇನ್ನೊಂದು: ಅವರ ಕಣ್ಣಿಗೆ ಕಾರ್ನಿಯಾ ಕಸಿ ಉಪಯೋಗಕ್ಕೆ ಬರದೇ ಇರಬಹುದು. ವೇದಿಕೆ ಮೇಲೆ "ಇವರು ಕಣ್ಣಿಗಾಗಿ ಕಾಯುತ್ತಿದ್ದಾರೆ" ಅಂತ ಕಥೆ ಕಟ್ಟಬೇಡಿ. ಅವರು ಓಡಲು ಬಂದಿದ್ದಾರೆ, ಓಡಲಿ.

ಹಂತ 7: ಎಂಟು ವಾರದ ತಯಾರಿ

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ವಾರಕ್ಕೆ ನಾಲ್ಕು ದಿನ ಓಟ, ಒಂದು ದಿನ 10 ಕಿ.ಮೀ. ಕೊನೆಯ ನಾಲ್ಕು ವಾರ, ಶುಕ್ರ–ಶನಿ–ಭಾನು ಸತತ ಮೂರು ಬೆಳಗ್ಗೆ ಆರಾರು ಕಿ.ಮೀ. ಓಡಿ. ಹಿಂದಿನ ದಿನದ ನೋವಿನ ಮೇಲೆ ಓಡುವುದೇ ಇಲ್ಲಿನ ಕಷ್ಟ. ವ್ಯಾನಿನಲ್ಲಿ ಎರಡು ಗಂಟೆ ಮುದುಡಿ ಕೂತು ಎದ್ದ ತಕ್ಷಣ ಓಡಿದರೆ ಮೀನಖಂಡ ಹಿಡಿಯುತ್ತದೆ. ಸರದಿಗೆ ಹತ್ತು ನಿಮಿಷ ಮುಂಚೆಯೇ ಇಳಿದು ಓಡಾಡಿ.

ಊಟದ ವಿಷಯದಲ್ಲಿ ಈ ದಾರಿ ಆಸೆ ಹುಟ್ಟಿಸುವ ದಾರಿ. ಬಿಡದಿ ತಟ್ಟೆ ಇಡ್ಲಿಯನ್ನು ಓಡುವ ಮುಂಚೆ ತಿನ್ನಬೇಡಿ, ಸರದಿ ಮುಗಿದವರು ತಿನ್ನಲಿ. ಮದ್ದೂರು ವಡೆಯೂ ಹಾಗೇ. ಮದ್ದೂರಿನಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆಯೇ ಇದೆ, ಅಲ್ಲಿ ವ್ಯಾನಿಗೆ ಬೇಕಾದಷ್ಟು ತುಂಬಿಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಆದರೆ ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಹಾಗಾಗಿ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಬೇಕೇ ಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ.

ಬೆಳಗಿನ ಹೊತ್ತು ಊರ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಓಡಬೇಡಿ, ನಿಂತು ನಿಧಾನ ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆ ಹಾಕಿಸಿ. ಅವರ ಓಟ ಅಲ್ಲಿಗೆ ಮುಗಿಯಿತು. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112.

ಹಂತ 8: ದುಡ್ಡು

ಜಾಗೃತಿಗೆ ಓಡುತ್ತಿದ್ದರೆ ಜಾಗೃತಿಗೇ ಓಡಿ, ಡಬ್ಬ ಹಿಡಿದು ಚಂದಾ ಎತ್ತಬೇಡಿ. ಕಣ್ಣಿನ ಮಾತಾಡಿ ಮುಗಿಸುವಾಗ ಡಬ್ಬ ಮುಂದೆ ಬಂದರೆ "ಕಣ್ಣು ಮಾರುತ್ತಾರೆ" ಅನ್ನುವ ಹಳೇ ಅನುಮಾನಕ್ಕೆ ನೀವೇ ನೀರೆರೆದ ಹಾಗೆ. ಗಾಡಿ, ಊಟ, ವಸತಿಯ ಖರ್ಚನ್ನು ಓಡುವವರು ಹಂಚಿಕೊಳ್ಳಲಿ. ಲಯನ್ಸ್, ರೋಟರಿಯವರನ್ನು ಕೇಳಿದರೆ ಆಯಾ ಊರಿನ ಊಟ, ತಂಗಲು ಕಲ್ಯಾಣ ಮಂಟಪ ಸಿಗುವುದುಂಟು.

ಕಣ್ಣಿನ ಬ್ಯಾಂಕಿಗೆ ದುಡ್ಡು ಕೊಡಲೇಬೇಕು ಅನ್ನುವವರಿದ್ದರೆ ಅದರ ಖಾತೆಗೇ ನೇರ ಹಾಕಲಿ. ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 80ಜಿ ಮಾನ್ಯತೆ ಇದ್ದರೆ ತೆರಿಗೆ ವಿನಾಯಿತಿಯ ಅವಕಾಶ ಉಂಟು, ಆದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ. ಹೊರದೇಶದ ಕನ್ನಡ ಕೂಟಗಳ ಗೆಳೆಯರು ಕೇಳುತ್ತಲೇ ಇರುತ್ತಾರೆ, "ನಿನ್ನ ಅಕೌಂಟಿಗೆ ಕಳಿಸಲಾ?" ಅಂತ. ಬೇಡ ಅನ್ನಿ. ಆ ದೇಶದ ಪಾಸ್‌ಪೋರ್ಟ್ ಇರುವವರ ದುಡ್ಡು ವಿದೇಶಿ ದೇಣಿಗೆ ಆಗುತ್ತದೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮುಂಚಿತ ಅನುಮತಿ ಇರುವ ಸಂಸ್ಥೆಗೆ ಮಾತ್ರ ಅದನ್ನು ಪಡೆಯಲು ಅವಕಾಶ.

ಹಂತ 9: ನಿಂತ ಕಡೆ ಯಾರ ಹತ್ತಿರ ಮಾತಾಡಬೇಕು

ಶಾಲೆ ಆಯಿತು, ಬಸ್ ಸ್ಟ್ಯಾಂಡ್ ಆಯಿತು. ಅವೆಲ್ಲ ಎಲ್ಲರೂ ಮಾಡುವುದೇ. ಮಧ್ಯಾಹ್ನ ಊಟ, ನಿದ್ದೆ ಮುಗಿಸಿ ಸಂಜೆ ನಾಲ್ಕರ ಮೇಲೆ ಮಾಡುವ ಕೆಲಸವೊಂದಿದೆ. ನನ್ನ ಪ್ರಕಾರ ಮೂರು ದಿನದ ಓಟಕ್ಕಿಂತ ಅದು ದೊಡ್ಡದು.

ಊರಿನಲ್ಲಿ ಸಾವಾದರೆ ಮೊದಲು ಗೊತ್ತಾಗುವುದು ಯಾರಿಗೆ? ಮನೆಯವರು ಅಳುತ್ತಾ ಕೂತಿರುತ್ತಾರೆ, ಅವರಿಗೆ ಕಣ್ಣು ನೆನಪಾಗುವುದಿಲ್ಲ. ಅಕ್ಕಪಕ್ಕದವರು ಫೋನ್ ಹಚ್ಚುತ್ತಾರೆ. ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವವನಿಗೆ, ಶಾಮಿಯಾನ ಅಂಗಡಿಗೆ, ಚಟ್ಟದ ಸಾಮಾನು ಮಾರುವವರಿಗೆ, ಹಾರ ಕಟ್ಟುವವರಿಗೆ, ಆಂಬುಲೆನ್ಸ್ ಡ್ರೈವರಿಗೆ. ಹಳ್ಳಿಯಾದರೆ ಆಶಾ ಕಾರ್ಯಕರ್ತೆಗೆ. ಇವರೆಲ್ಲರಿಗೂ ಒಂದೆರಡು ಗಂಟೆಯೊಳಗೆ ಸುದ್ದಿ ತಲುಪಿರುತ್ತದೆ. 6 ಗಂಟೆಯ ಲೆಕ್ಕದಲ್ಲಿ ಇವರಿಗಿಂತ ಬೇಕಾದವರು ಇನ್ಯಾರಿದ್ದಾರೆ?

ಪ್ರತಿ ಊರಿನಲ್ಲಿ ಇಂಥ ಐದಾರು ಜನರನ್ನು ಹುಡುಕಿ, ಇಬ್ಬಿಬ್ಬರಾಗಿ ಹೋಗಿ ಕೂತು ಮಾತಾಡಿ. ಫ್ರೀಜರ್ ಬಾಕ್ಸಿನ ಮುಚ್ಚಳದ ಬದಿಗೆ ಒಂದು ಸ್ಟಿಕ್ಕರ್ ಅಂಟಿಸಲು ಒಪ್ಪಿಸಿ: "ಕಣ್ಣು ಕೊಡಬಹುದು. 6 ಗಂಟೆಯೊಳಗೆ ಈ ನಂಬರಿಗೆ ಫೋನ್ ಮಾಡಿ." ಎಷ್ಟೋ ಜನ ಒಪ್ಪುತ್ತಾರೆ. ಕೆಲವರು "ನಮ್ಮ ಬಾಯಲ್ಲಿ ಇದನ್ನ ಹೆಂಗೆ ಹೇಳೋದು ಸಾರ್, ಹೊಡೀತಾರೆ" ಅನ್ನುತ್ತಾರೆ. ಅದೂ ನ್ಯಾಯವೇ. ಬಾಯಲ್ಲಿ ಹೇಳುವುದು ಬೇಡ, ಬಾಕ್ಸ್ ಮೇಲಿನ ಬರಹವೇ ಹೇಳಲಿ ಅಂದರೆ ಸಮಾಧಾನ ಆಗುತ್ತದೆ.

ಟೀ ಅಂಗಡಿಯಲ್ಲಿ ಖಂಡಿತ ಎದುರಾಗುವ ಪ್ರಶ್ನೆಯೊಂದಿದೆ. ಮಂಡ್ಯ ಕಡೆ ತಾತಂದಿರು ನೇರವಾಗಿ ಕೇಳುತ್ತಾರೆ: "ಅಲ್ಲ ಕಣಪ್ಪ, ಕಣ್ಣು ಕಿತ್ಕೊಂಡು ಕಳಿಸಿದ್ರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟಾಕಿಲ್ವಾ?" ಮೂಢನಂಬಿಕೆ ಅಂತ ಭಾಷಣ ಶುರು ಮಾಡಿದರೆ ತಾತ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಾರೆ. "ಸುಟ್ರೂ ಹೂತ್ರೂ ಕಣ್ಣು ಉಳಿಯಕಿಲ್ವಲ್ಲ ತಾತ, ಹಂಗಂದ್ರೆ ಎಲ್ರೂ ಕುರುಡಾಗೇ ಹುಟ್ಬೇಕಿತ್ತು" ಅಂತ ತಂಡದ ಮಂಡ್ಯದ ಹುಡುಗನೊಬ್ಬ ನಗುತ್ತಾ ಹೇಳಿದರೆ ಕೆಲಸ ಆಗುತ್ತದೆ. ಅದಕ್ಕೇ ಆ ಜಿಲ್ಲೆಯವರು ಒಬ್ಬಿಬ್ಬರಾದರೂ ತಂಡದಲ್ಲಿ ಬೇಕು ಅನ್ನುವುದು. ಬೆಂಗಳೂರಿನ ಕನ್ನಡ ಅಲ್ಲಿ ನಡೆಯುತ್ತದೆ, ಆದರೆ ಹತ್ತಿರ ಆಗುವುದಿಲ್ಲ.

ಬ್ಯಾನರ್ ಬಟ್ಟೆಯದಾಗಿರಲಿ, ಫ್ಲೆಕ್ಸ್ ಬೇಡ. ಅದರ ಮೇಲೆ ಪ್ರಾಯೋಜಕರ ಲೋಗೋಗಳಿಗಿಂತ ಫೋನ್ ನಂಬರ್ ದೊಡ್ಡದಾಗಿರಲಿ. ಮೈಸೂರಿನಲ್ಲಿ ಶನಿವಾರ ಅರಮನೆ ಮುಂದೆ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಪ್ರವಾಸಿಗರ ನೂಕುನುಗ್ಗಲಿನಲ್ಲಿ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ವೈದ್ಯಕೀಯ ಕಾಲೇಜಿನಲ್ಲೋ ಪುರಭವನದ ಆವರಣದಲ್ಲೋ ಅನುಮತಿ ಪಡೆದು ಮುಗಿಸಿ. ಭಾಷಣ ಎರಡೇ, ತಲಾ ಐದು ನಿಮಿಷ. ಮನೆಯವರ ಕಣ್ಣು ದಾನ ಮಾಡಿದ ಕುಟುಂಬದವರು ಯಾರಾದರೂ ಬರಲು ಒಪ್ಪಿದರೆ ಮೈಕ್ ಅವರಿಗೆ ಕೊಡಿ. ಕಣ್ಣು ಯಾರಿಗೆ ಹೋಯಿತು ಅನ್ನುವುದು ಗುಟ್ಟಾಗಿ ಉಳಿಯಬೇಕಾದ ವಿಷಯ, ಅದನ್ನು ವೇದಿಕೆಯಲ್ಲಿ ಕೆದಕಬೇಡಿ.

ಹಂತ 10: ಓಟ ಮುಗಿದ ಮೇಲೆ

ಮುಂದಿನ ವಾರದಲ್ಲೇ ಮೂರು ಕೆಲಸ ಮುಗಿಸಿ. ತುಂಬಿದ ಅರ್ಜಿಗಳನ್ನು ಬ್ಯಾಂಕಿಗೆ ತಲುಪಿಸಿ. ಹೆಸರು, ಫೋನ್ ನಂಬರ್‌ಗಳ ಪಟ್ಟಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉಳಿಯಬಾರದು. ಪೊಲೀಸ್ ಠಾಣೆಗಳಿಗೆ, ಶಾಲೆಗಳಿಗೆ ಒಂದೊಂದು ಕೃತಜ್ಞತಾ ಪತ್ರ ಕಳಿಸಿ. ಖರ್ಚಿನ ಲೆಕ್ಕವನ್ನು ಎಲ್ಲರಿಗೂ ತೋರಿಸಿ.

ಒಂದು ತಿಂಗಳ ನಂತರ ಸ್ಟಿಕ್ಕರ್ ಅಂಟಿಸಿಕೊಂಡವರಿಗೆ ಫೋನ್ ಮಾಡಿ. ಉಳಿದಿದೆಯಾ, ಹರಿದು ಹೋಗಿದೆಯಾ, ಯಾರಾದರೂ ಅದನ್ನು ನೋಡಿ ಕೇಳಿದರಾ? ಬ್ಯಾಂಕಿನವರನ್ನೂ ವಿಚಾರಿಸಿ: ಆ ಊರುಗಳಿಂದ ಕರೆ ಬರುತ್ತಿದೆಯಾ, ಬಂದ ಕರೆ 6 ಗಂಟೆಯೊಳಗೆ ಬಂದಿತ್ತಾ, ತಡವಾಯಿತಾ? ತಡವಾಗಿ ಬಂದ ಕರೆಗಳು ಯಾವ ಊರಿನವು ಅಂತ ಕೇಳಿ ಬರೆದುಕೊಳ್ಳಿ. ಅಲ್ಲಿನವರಿಗೆ ಕೊಡುವ ಮನಸ್ಸಿದೆ, ಹೊತ್ತು ಗೊತ್ತಿಲ್ಲ ಅಷ್ಟೇ.

ರಾಷ್ಟ್ರೀಯ ನೇತ್ರದಾನ ಪಾಕ್ಷಿಕ ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ. ಮಳೆಗಾಲ, ಓಡಲು ಒಳ್ಳೆ ಕಾಲವಲ್ಲ. ಆ ಹದಿನೈದು ದಿನದಲ್ಲಿ ಒಂದು ಭಾನುವಾರ ಇಬ್ಬರು ಕಾರಿನಲ್ಲಿ ಹೊರಟು, ತಡವಾಗಿ ಕರೆ ಬಂದ ಊರುಗಳಿಗೆ ಮೊದಲು ಹೋಗಿ, ಹೊಸ ಸ್ಟಿಕ್ಕರ್ ಅಂಟಿಸಿ ಬನ್ನಿ.